ಮೊದಲ ಗೀರು

ಈ ವರ್ಷ ಅಕ್ಟೋಬರಿನ ಹಬ್ಬಕ್ಕೆ ಮುಖ ಕೆತ್ತಿ ದೀಪ ಇಡುವ ಕುಂಬಳಕಾಯಿಯನ್ನು ಪೂರ್ತಿ ತಾನೇ ಕೊಯ್ಯಬೇಕು ಎನ್ನುವುದು ನನ್ನ ಮಗಳ ಹಟವಾಗಿತ್ತು. ಹಟ ಅಂದರೆ ತಪ್ಪಾಗುತ್ತದೆ, ಅದು ನಾವು ಕೊಟ್ಟ ಮಾತು. ಅದಕ್ಕೆ ಮುಂಚಿನ ವರ್ಷಗಳಲ್ಲೆಲ್ಲ ಅವರಪ್ಪನೇ ಮುಚ್ಚಳ ಕೊಯ್ದು, ಕಣ್ಣು ಮೂಗು ಬಾಯಿ ಕೆತ್ತಿ, ಇವಳಿಗೆ ಒಳಗಿನ ಬೀಜ ತೋಡುವ ಲೋಳೆ ಕೆಲಸ ಮಾತ್ರ ಬಿಡುತ್ತಿದ್ದ. ಒಂಬತ್ತು ತುಂಬಲಿ, ಆಮೇಲೆ ಚಾಕು ನಿನ್ನ ಕೈಗೆ ಎಂದು ಇಬ್ಬರೂ ಹೇಳಿ ಜಾರಿಕೊಂಡಿದ್ದೆವು. ಆಗಸ್ಟಿನಲ್ಲಿ ಒಂಬತ್ತು ತುಂಬಿತು. ಕೇಕ್ ತಿಂದ ಮಾರನೆಯ ದಿನದಿಂದಲೇ ಅಕ್ಟೋಬರ್ ಯಾವಾಗ ಎಂದು ಕೇಳಲು ಶುರುಮಾಡಿದಳು.

ಆ ಶನಿವಾರ ಬೆಳಿಗ್ಗೆ ನಾಲ್ಕು ಜನ ಹೊರಟೆವು: ನಾನು, ಗಂಡ, ಮಗಳು, ಮತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನನ್ನ ಅತ್ತೆ. ಕೆನಡಾದ ಮೆಡೋವೇಲಿನ ನಮ್ಮ ಮನೆಯಿಂದ ಜಾರ್ಜ್‌ಟೌನ್ ಕಡೆಯ ಕುಂಬಳಕಾಯಿ ತೋಟಕ್ಕೆ ಅರ್ಧ ಗಂಟೆಯೂ ಇಲ್ಲ. ಆಫೀಸು ಕಟ್ಟಡಗಳೂ ಗೋದಾಮುಗಳೂ ಮುಗಿಯುತ್ತಿದ್ದಂತೆ ಒಣಗಿ ನಿಂತ ಮುಸುಕಿನ ಜೋಳದ ಹೊಲಗಳು, ಕೆಂಪಾದ ಮೇಪಲ್ ಮರಗಳು. ಅತ್ತೆ ಹತ್ತಿ ಸೀರೆಯ ಮೇಲೆ ಮಗನ ಹಳೆಯ ಚಳಿಗಾಲದ ಜಾಕೆಟ್ಟು ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ಜಾಕೆಟ್ಟಿನ ತೋಳು ಬೆರಳ ತುದಿಯವರೆಗೂ ಬಂದಿತ್ತು. ಮಡಿಸಿಕೊಡಲಾ ಎಂದರೆ, ಬೇಡ, ಬೆಚ್ಚಗಿದೆ ಅಂದರು.

ಅತ್ತೆ ಮಾತು ಕಡಿಮೆ. ನಾನು ಅವರಿಗೆ ತದ್ವಿರುದ್ಧ. ಚಿಕ್ಕವಳಿದ್ದಾಗ ನಮ್ಮಪ್ಪ ನನ್ನನ್ನು ‘ಪ್ರಶ್ನೆಪತ್ರಿಕೆ’ ಎಂದು ಕರೆಯುತ್ತಿದ್ದರು. ಯಾಕೆ, ಯಾಕಲ್ಲ, ಹಾಗಾದರೆ ಹೀಗೆ ಯಾಕೆ ಎಂದು ತಲೆ ತಿನ್ನುವುದು ನನ್ನ ಹುಟ್ಟುಗುಣ. ದೇವರ ದಯೆ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದೇನೆ. ಬೇರೆಯವರು ಬರೆದ ಸಾಫ್ಟ್‌ವೇರು ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ಹುಡುಕುವ ಕೆಲಸ ನನ್ನದು. ಉತ್ತರ ಸಿಗದ ಪ್ರಶ್ನೆಯೊಂದು ಮನೆಯಲ್ಲಿದ್ದರೆ ನನಗೆ ಊಟ ಸೇರುವುದಿಲ್ಲ.

ತೋಟದಲ್ಲಿ ಹುಲ್ಲಿನ ಮೈದಾನವೇ ಪಾರ್ಕಿಂಗು. ಟ್ರ್ಯಾಕ್ಟರಿಗೆ ಕಟ್ಟಿದ ಉದ್ದ ಗಾಡಿಯಲ್ಲಿ ಹುಲ್ಲಿನ ಪೆಂಡಿಗಳ ಮೇಲೆ ಕೂರಿಸಿ ನಮ್ಮನ್ನು ಹೊಲದ ನಡುವೆ ಇಳಿಸಿದರು. ರಾತ್ರಿಯ ಹಿಮಕ್ಕೆ ಬಳ್ಳಿಗಳೆಲ್ಲ ಕಪ್ಪಾಗಿ ಸುರುಟಿಹೋಗಿದ್ದವು. ಎಲೆ ಹೋದ ಮೇಲೆ ಕಾಯಿ ಮಾತ್ರ ಉಳಿದು, ಕಣ್ಣು ಹಾಯಿಸಿದಷ್ಟು ದೂರವೂ ಕಿತ್ತಳೆ ಬಣ್ಣ. ಅತ್ತೆ ಇಳಿದವರೇ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದು ನಿಂತುಬಿಟ್ಟರು. ಇಷ್ಟೊಂದನ್ನ ಯಾರು ತಿಂತಾರೆ ಎಂದು ಕೇಳಿದರು. ಯಾರೂ ತಿನ್ನುವುದಿಲ್ಲ, ಮುಖ ಕೆತ್ತಿ, ದೀಪ ಇಟ್ಟು, ಆಮೇಲೆ ಎಸೆಯುತ್ತಾರೆ ಎಂದು ನನ್ನ ಗಂಡ ಹೇಳಿದಾಗ ಅವರು ತಮಾಷೆ ಇರಬೇಕು ಎಂದುಕೊಂಡು ನನ್ನ ಮುಖ ನೋಡಿದರು.

ಆದರೂ ಆರಿಸುವುದಕ್ಕೆ ಅವರೇ ಮುಂದೆ. ಮಗಳು ಓಡಿ ಓಡಿ ತೋರಿಸಿದ್ದನ್ನೆಲ್ಲ ಬಗ್ಗಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು, ತೊಟ್ಟು ಮುಟ್ಟಿ ನೋಡಿದರು, ಉರುಳಿಸಿ ತಳ ನೋಡಿದರು. ಒಂದು ತಳದಲ್ಲಿ ಮೆತ್ತಗಾಗಿದೆ, ಇನ್ನೊಂದು ಎಳಸು, ಮತ್ತೊಂದರ ತೊಟ್ಟು ಮುರಿದಿದೆ. ಮಗಳಿಗೆ ಅಜ್ಜಿಯ ಈ ವಿದ್ಯೆ ಕಂಡು ಬಲು ಖುಷಿಯಾಗಿ ಕೊನೆಗೆ ತಾನೂ ಗೆಣ್ಣಿನಿಂದ ತಟ್ಟಲು ಶುರುಮಾಡಿದಳು. ಇಬ್ಬರೂ ಸೇರಿ ಒಪ್ಪಿದ್ದು ನನ್ನ ಎರಡು ತಲೆಯಷ್ಟಿದ್ದ ಒಂದು ಗುಂಡುಕಾಯಿ. ಕೈಗಾಡಿಯಲ್ಲಿ ಅದನ್ನು ತಳ್ಳಿಕೊಂಡು ಬರುವಾಗ ಅಜ್ಜಿ ಮೊಮ್ಮಗಳು ಇಬ್ಬರೂ ಆಚೆ ಈಚೆ ಕೈ ಇಟ್ಟು ನಡೆದರು, ಎಲ್ಲಿ ಉರುಳಿಬೀಳುತ್ತದೋ ಎಂಬ ಭಯಕ್ಕೆ.

ಕೊಟ್ಟಿಗೆಯ ಪಕ್ಕ ಒಂದು ಚಪ್ಪರ ಹಾಕಿದ್ದರು. ಅಲ್ಲಿ ಉದ್ದನೆಯ ಮೇಜುಗಳು, ಗರಗಸದ ಹಲ್ಲಿನ ಸಣ್ಣ ಚಾಕುಗಳು, ಬೀಜ ತೋಡುವ ಚಮಚಗಳು. ಮನೆಗೆ ಹೋಗುವವರೆಗೆ ಕಾಯಲಾರದವರು ಅಲ್ಲೇ ಕೊಯ್ಯಬಹುದು. ನಮ್ಮವಳು ಕಾಯುವ ಜಾತಿಯಲ್ಲ. ಕಾಯಿಯನ್ನು ಮೇಜಿನ ಮೇಲೆ ಇಡಿಸಿ, ಪೆನ್ನಿನಿಂದ ಮುಚ್ಚಳದ ಸುತ್ತಳತೆ ಬರೆದು, ಚಾಕು ಎತ್ತಿದಳು.

ಅತ್ತೆ ಅವಳ ಮಣಿಕಟ್ಟು ಹಿಡಿದರು. ಗಟ್ಟಿಯಾಗಿಯೇ ಹಿಡಿದರು. ಮಗಳು ಬೆಚ್ಚಿದಳು.

“ಮೊದಲು ನಿಮ್ಮಪ್ಪ ಒಂದು ಗೀರು ಹಾಕ್ಲಿ. ಆಮೇಲೆ ನೀನು ಎಷ್ಟು ಬೇಕಾದ್ರೂ ಕೊಯ್ಕೋ.”

ಗಂಡನಿಗೆ ಇದೇನೂ ಹೊಸದಲ್ಲ. ಒಂದು ಗೀರು ತಾನೆ, ಮುಗಿಸಿಬಿಡೋಣ ಎಂದು ಚಾಕುವಿಗೆ ಕೈ ಚಾಚಿದ. ಮಗಳು ಚಾಕುವನ್ನು ಬೆನ್ನ ಹಿಂದೆ ಮಾಡಿದಳು. ಅಜ್ಜಿಯ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ. ಯೂ ಪ್ರಾಮಿಸ್ಡ್ ಎಂದು ನಮ್ಮಿಬ್ಬರಿಗೂ ಹೇಳಿದಳು. ಅಪ್ಪನೇ ಯಾಕೆ ಮೊದಲು ಎಂದು ಕೇಳಿದಳು. ಅವನು ಗಂಡಸು, ಅದಕ್ಕೆ ಎಂದು ಅಜ್ಜಿ ಹೇಳಿದಾಗ, ಅದು ಕಾರಣವೇ ಅಲ್ಲ ಎಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಅದೇ ಉಸಿರಿಗೆ ಅತ್ತೆಯ ಮುಖ ನೋಡಿ ಸಂಕಟವೂ ಆಯಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹೆದರಿದ್ದರು. ಇಷ್ಟಕ್ಕೆಲ್ಲ ಯಾಕೆ ಹೆದರುತ್ತಾರೆ ಎನ್ನುವುದು ನನ್ನ ತಲೆಯೊಳಗೆ ಹುಳದ ಹಾಗೆ ಹೊಕ್ಕಿತು.

ಈ ಪದ್ಧತಿ ನಮ್ಮ ಮನೆಯಲ್ಲೂ ಇತ್ತು. ಇಡೀ ಕುಂಬಳಕಾಯಿಯನ್ನು ಹೆಂಗಸರು ಒಡೆಯಬಾರದು. ಗಂಡಸರ ಕೈಯಿಂದ ಮೊದಲ ಏಟು ಬಿದ್ದ ಮೇಲೆ ಹೆಂಗಸರು ಹೋಳು ಮಾಡಬಹುದು, ಹುಳಿ ಮಾಡಬಹುದು, ಮೈಮುರಿದು ದುಡಿಯಬಹುದು. ಅಪ್ಪ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಅಮ್ಮ ಪಕ್ಕದ ಮನೆಯ ಮೂರು ವರ್ಷದ ಪೋರನನ್ನು ಕರೆಸುತ್ತಿದ್ದಳು. ಮೂಗು ಸುರಿಸುತ್ತಾ ಬರುವ ಅವನ ಕೈಯಲ್ಲಿ ಚಾಕು ಹಿಡಿಸಿ, ಅದರ ಮೇಲೆ ತನ್ನ ಕೈ ಇಟ್ಟು, ಒಂದು ಗೀರು ಎಳೆಸಿ, ಒಂದು ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದಳು. ಹನ್ನೆರಡು ವರ್ಷದ ನಾನೂ ಹದಿನಾರರ ಅಕ್ಕನೂ ಕಣ್ಣು ಕಣ್ಣು ಬಿಟ್ಟು ನಿಂತಿರುತ್ತಿದ್ದೆವು. ನಮ್ಮಿಬ್ಬರಿಗೂ ಆಗದ್ದು ಚಡ್ಡಿ ಹಾಕಿಕೊಳ್ಳಲು ಬಾರದ ಅವನಿಗೆ ಹೇಗಾಗುತ್ತದೆ ಎಂದು ಕೇಳಿದರೆ, ಎಲ್ಲದಕ್ಕೂ ಯಾಕೆ ಅನ್ನಬಾರದು ಎಂದು ಗದರಿಸುತ್ತಿದ್ದಳು.

ಮೂವತ್ತು ವರ್ಷ ಕಳೆದಿತ್ತಲ್ಲ, ಈಗಲಾದರೂ ಹೇಳಿಯಾಳು ಎಂದು ಚಪ್ಪರದ ಆಚೆ ಹೋಗಿ ಬೆಂಗಳೂರಿಗೆ ಫೋನು ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು. ಕುಂಬಳಕಾಯಿ ಅಂದರೆ ಮನೆಯ ಹಿರಿಮಗ ಇದ್ದ ಹಾಗೆ, ತಾಯಿ ಅದರ ಮೇಲೆ ಕತ್ತಿ ಎತ್ತಬಾರದು ಎಂದಳು ಅಮ್ಮ. ಹಾಗಾದರೆ ಅಪ್ಪ ಎತ್ತಬಹುದಾ ಎಂದೆ. ಅದನ್ನು ಬಿಟ್ಟು, ಇದ್ದಕ್ಕಿದ್ದ ಹಾಗೆ ಯಾಕೆ ಕೇಳ್ತಿದ್ದೀಯ, ಏನಾದರೂ ವಿಶೇಷವಾ ಎಂದು ದನಿ ತಗ್ಗಿಸಿ ಕೇಳಿದಳು. ನಲವತ್ತೊಂದು ವರ್ಷದವಳ ಹತ್ತಿರ ವಿಶೇಷ ಕೇಳುತ್ತಾಳಲ್ಲ ಎಂದು ನಗು ಬಂತು, ಫೋನು ಇಟ್ಟೆ. ಬಸುರಿ ಹೆಂಗಸರಂತೂ ಕುಂಬಳಕಾಯಿ ಒಡೆಯುವ ಕಡೆ ಸುಳಿಯಲೂಬಾರದು ಎಂದು ಅವಳು ನನ್ನ ಅಕ್ಕನಿಗೆ ಹೇಳುತ್ತಿದ್ದದ್ದು ಆಗ ನೆನಪಾಯಿತು.

ವಾಪಸು ಬರುವಷ್ಟರಲ್ಲಿ ತಾತ್ಕಾಲಿಕ ಒಪ್ಪಂದವಾಗಿತ್ತು. ಮೊದಲು ಜೋಳದ ಹೊಲದಲ್ಲಿ ಮಾಡಿದ್ದ ದಾರಿತಪ್ಪಿಸುವ ಆಟಕ್ಕೆ ಅಪ್ಪ ಮಗಳು ಹೋಗಿಬರುವುದು, ಕುಂಬಳಕಾಯಿಯ ತೀರ್ಮಾನ ಆಮೇಲೆ. ಮಗಳು ಮುಖ ಊದಿಸಿಕೊಂಡೇ ಹೋದಳು. ಹೋಗುವ ಮೊದಲು ಚಾಕುವನ್ನು ನನ್ನ ಕೈಗಿಟ್ಟು, ಯಾರಿಗೂ ಕೊಡಬೇಡ ಎಂದು ಹೇಳಿದಳು. ನಾನೂ ಅತ್ತೆಯೂ ಕಾಯಿಯನ್ನು ಕಾಯುತ್ತಾ ಒಂದು ಹುಲ್ಲಿನ ಪೆಂಡಿಯ ಮೇಲೆ ಕೂತೆವು.

ನಮ್ಮೆದುರಿಗೆ ತೋಟದ ಒಡತಿ ಕುಂಬಳಕಾಯಿಯ ರಾಶಿಯ ನಡುವೆ ಕೆಲಸ ಮಾಡುತ್ತಿದ್ದಳು. ಅರವತ್ತರ ಆಸುಪಾಸಿನ ದೊಡ್ಡ ಆಳು, ಮೊಣಕಾಲಿನವರೆಗೆ ರಬ್ಬರ್ ಬೂಟು. ಕೆಟ್ಟ ಕಾಯಿ ಸಿಕ್ಕರೆ ಮಚ್ಚಿನಂಥ ಚಾಕುವಿನಿಂದ ಒಂದೇ ಏಟಿಗೆ ಎರಡು ಹೋಳು ಮಾಡಿ ದನದ ಬಾನಿಗೆ ಎಸೆಯುವಳು. ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಒಂದು ಬಳ್ಳಿಗೆ ಎಷ್ಟು ಕಾಯಿ ಬಿಡತ್ತೆ ಕೇಳು ಎಂದರು. ಅತ್ತೆಯೇ ಪ್ರಶ್ನೆ ಕೇಳುವುದು ಅಪರೂಪ, ನನ್ನ ಕಿವಿ ನೆಟ್ಟಗಾಯಿತು. ಕೇಳಿದೆ. ಎರಡು, ಹೆಚ್ಚೆಂದರೆ ಮೂರು ಎಂದಳು ಆಕೆ. ಜೂನ್ ಮೊದಲಲ್ಲಿ ಬಿತ್ತಬೇಕು, ಜೇನುಹುಳ ಬರದಿದ್ದರೆ ಹೂವು ಉದುರಿಹೋಗುತ್ತದೆ, ಕಾಯಿಯನ್ನು ಯಾವತ್ತೂ ತೊಟ್ಟು ಹಿಡಿದು ಎತ್ತಬಾರದು ಎಂದೆಲ್ಲ ಹೇಳಿದಳು. ನಾನು ಕನ್ನಡ ಮಾಡಿ ಮಾಡಿ ಹೇಳಿದೆ. ಅತ್ತೆ ತಲೆಯಾಡಿಸಿದರು.

ನಿಮ್ಮ ಮನೆಯಲ್ಲಿ ಕಾಯಿಗೆ ಮೊದಲು ಚಾಕು ಹಾಕುವವರು ಯಾರು ಕೇಳು ಎಂದರು ಅತ್ತೆ. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ನಕ್ಕಳು. ಚಾಕು ಯಾರ ಕೈಗೆ ಸಿಕ್ಕಿತೋ ಅವರು. ತಾನು ನಾಲ್ಕು ವರ್ಷದವಳಿದ್ದಾಗಿನಿಂದ ಕೊಯ್ಯುತ್ತಿದ್ದೇನೆ, ತನ್ನ ಅಮ್ಮ ಕೊಯ್ಯುತ್ತಿದ್ದಳು, ಅಜ್ಜಿಯೂ ಅಷ್ಟೇ ಎಂದಳು.

“ಅವಳಿಗೆ ಮಕ್ಕಳೆಷ್ಟು ಕೇಳು.”

ಇಲ್ಲಿ ಹಾಗೆಲ್ಲ ಗುರುತಿಲ್ಲದವರನ್ನು ಕೇಳುವ ಹಾಗಿಲ್ಲ ಅತ್ತೆ ಎಂದೆ. ಕೇಳೇ ಎಂದರು. ನಾಚಿಕೆ ಬಿಟ್ಟು, ನಮ್ಮ ಅತ್ತೆಗೆ ಕುತೂಹಲ ಎಂದು ಎಲ್ಲ ಅವರ ತಲೆಗೆ ಕಟ್ಟಿ ಕೇಳಿದೆ. ನಾಲ್ಕು ಎಂದಳು ಆಕೆ, ಎಲ್ಲರೂ ಕೊಟ್ಟಿಗೆಯ ಬಾಗಿಲಿನಷ್ಟು ಬೆಳೆದಿದ್ದಾರೆ. ಅತ್ತೆಯ ಮುಂದಿನ ಪ್ರಶ್ನೆ ತಡವಾಗಿ ಬಂತು, ಬಂದಾಗ ದನಿ ಸಣ್ಣದಾಗಿತ್ತು. ಬಸುರಿಯಾಗಿದ್ದಾಗಲೂ ಕೊಯ್ದಳಾ?

ಹಿರಿಯ ಮಗ ಅಕ್ಟೋಬರಿನಲ್ಲಿ ಹುಟ್ಟಿದವನಂತೆ. ಸಾಯಂಕಾಲ ನೋವು ಬರುವವರೆಗೂ ಹೊಲದಲ್ಲೇ ಇದ್ದಳಂತೆ, ಕೈಯಲ್ಲಿ ಇದೇ ಚಾಕು. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಒಡತಿ ನಗುತ್ತಾ ಇನ್ನೊಂದು ಕಾಯಿಯನ್ನು ಎರಡು ಹೋಳು ಮಾಡಿ ಬಾನಿಗೆ ಎಸೆದು, ಬಾನಿಯನ್ನು ಎಳೆದುಕೊಂಡು ಹೋದಳು. ಅತ್ತೆ ನೆಲ ನೋಡುತ್ತಾ ಕೂತುಬಿಟ್ಟರು. ನಾನಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಗಲಿಲ್ಲ. ಯಾಕೆ ಅತ್ತೆ, ಯಾಕೆ ಕೇಳಿಸಿದ್ರಿ ಎಂದೆ.

ಅವರು ಹೇಳಿದ್ದು ಹೀಗೆ. ಮದುವೆಯಾದ ಮರುವರ್ಷ, ಹಾಸನದಲ್ಲಿ ಬಾಡಿಗೆ ಮನೆ. ಮಾವನವರಿಗೆ ಊರೂರು ಸುತ್ತುವ ಕೆಲಸ, ವಾರಕ್ಕೆ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಇವರಿಗೆ ಏಳು ತಿಂಗಳು. ಯಾರೋ ಕೊಟ್ಟ ಒಂದು ಕುಂಬಳಕಾಯಿ ಅಡುಗೆಮನೆಯ ಮೂಲೆಯಲ್ಲಿ ಹತ್ತು ದಿನದಿಂದ ಕೂತಿತ್ತು. ಒಂದು ಬೆಳಿಗ್ಗೆ ಕುಂಬಳಕಾಯಿ ಹುಳಿ ತಿನ್ನಬೇಕೆಂಬ ಆಸೆ ತಡೆಯಲಾರದಷ್ಟು ಬಂತು. ಪಕ್ಕದ ಮನೆಯ ಹುಡುಗ ಶಾಲೆಗೆ ಹೋಗಿದ್ದ. ಯಾರೂ ನೋಡುತ್ತಿಲ್ಲವಲ್ಲ ಎಂದು ಬಾಗಿಲು ಹಾಕಿಕೊಂಡು, ಈಳಿಗೆಮಣೆ ಮುಂದಿಟ್ಟುಕೊಂಡು, ತಾವೇ ಒಡೆದರು. ಹುಳಿ ತುಂಬಾ ಚೆನ್ನಾಗಿತ್ತಂತೆ. ಎರಡು ಸಲ ಬಡಿಸಿಕೊಂಡರಂತೆ.

ಐದನೆಯ ದಿನ ಹೊಟ್ಟೆಯೊಳಗೆ ಮಗು ಆಡುವುದು ನಿಂತಿತು. ಗಂಡುಮಗು. ಸುದ್ದಿ ಕೇಳಿ ಬಂದ ಅವರ ಅತ್ತೆ ಅಡುಗೆಮನೆಯಲ್ಲಿ ಉಳಿದರ್ಧ ಕಾಯಿಯನ್ನು ನೋಡಿ, ಇದನ್ನು ಒಡೆದವರು ಯಾರು ಎಂದು ಕೇಳಿದರು. ಇವರು ಸುಳ್ಳು ಹೇಳಲಿಲ್ಲ.

“ಯಾರೂ ಬಯ್ಯಲಿಲ್ಲ ಕಣೇ. ಒಂದೇ ಒಂದು ಮಾತು ಆಡ್ಲಿಲ್ಲ. ಬಯ್ದುಬಿಟ್ಟಿದ್ರೆ ಎಷ್ಟೋ ಚೆನ್ನಾಗಿತ್ತು.”

ಮೂರು ವರ್ಷದ ಮೇಲೆ ನನ್ನ ಗಂಡ ಹುಟ್ಟಿದ. ಅವನಿಗೆ ಚಾಕು ಹಿಡಿಯಲು ಬಂದಾಗಿನಿಂದ ಮನೆಯ ಪ್ರತಿ ಕುಂಬಳಕಾಯಿಗೂ ಅವನಿಂದಲೇ ಗೀರು ಹಾಕಿಸಿದರು. ತನಗಿಂತ ಮುಂಚೆ ಒಬ್ಬನಿದ್ದ ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಮಾವನವರು ಹೋಗುವವರೆಗೂ ಗಂಡಹೆಂಡತಿ ಆ ಮಾತು ತೆಗೆದಿರಲಿಲ್ಲವಂತೆ. ಇಷ್ಟನ್ನೂ ಅತ್ತೆ ಅಳದೆ, ನಿಲ್ಲಿಸದೆ, ತಮ್ಮ ಬೂಟಿಗೆ ಹತ್ತಿದ ಮಣ್ಣನ್ನು ಒಂದು ಹುಲ್ಲುಕಡ್ಡಿಯಿಂದ ಕೆರೆಯುತ್ತಾ ಹೇಳಿದರು.

ಹದಿನಾರು ವರ್ಷದಿಂದ ಇವರ ಸೊಸೆ ನಾನು. ಇವರದು ಬರೀ ಮಡಿ ಮೈಲಿಗೆಯ ಹಟ ಎಂದುಕೊಂಡಿದ್ದೆ, ಸ್ನೇಹಿತೆಯರ ಮುಂದೆ ಆಡಿಕೊಂಡು ನಕ್ಕಿದ್ದೆ ಕೂಡ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಹಾಗೆಲ್ಲ ಆಗುವುದಿಲ್ಲ ಅತ್ತೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವಿಜ್ಞಾನ ಹೇಳಲು ಬಾಯಿ ತೆರೆದೆ. ಅದು ಬಾಯಿಗೆ ಬರಲಿಲ್ಲ. ಬದಲಿಗೆ ನಾನು ಯಾರಿಗೂ ಹೇಳದ್ದು ಬಂತು.

ನಾವು ಕೆನಡಾಕ್ಕೆ ಬಂದ ಮೊದಲ ವರ್ಷ ಇದ್ದದ್ದು ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ. ಬಟ್ಟೆ ಒಗೆಯುವ ಯಂತ್ರ ಮೇಲಿನ ಮಹಡಿಯಲ್ಲಿತ್ತು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹದಿಮೂರು ಮೆಟ್ಟಿಲು ಇಳಿದ ದಿನ ಸಂಜೆ ನನಗೆ ರಕ್ತ ಕಾಣಿಸಿಕೊಂಡಿತು. ಮೂರು ತಿಂಗಳು ತುಂಬುವುದರಲ್ಲಿತ್ತು. ತುಂಬಿದ ಮೇಲೆ ಊರಿಗೆ ಹೇಳೋಣ ಎಂದು ಇಬ್ಬರೂ ಕಾದಿದ್ದೆವು, ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಯಾಕೆ ಹೀಗಾಯಿತು ಎಂದು ಡಾಕ್ಟರನ್ನು ಕೇಳಿದೆ. ಬಹಳ ಸಲ ಕಾರಣವೇ ಇರುವುದಿಲ್ಲ ಎಂದರು ಆಕೆ. ನಾನು ಕಾರಣವಿಲ್ಲ ಎಂದರೆ ನಂಬುವವಳಾ? ಬುಟ್ಟಿಯೇ ಕಾರಣ ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ. ಗಂಡನಿಗೂ ಹೇಳಲಿಲ್ಲ. ಈಗಲೂ ಬಟ್ಟೆಯ ಬುಟ್ಟಿಯನ್ನು ಪೂರ್ತಿ ತುಂಬುವುದಿಲ್ಲ, ಅರ್ಧರ್ಧ ಮಾಡಿ ಎರಡು ಸಲ ಹೊರುತ್ತೇನೆ. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ.

ಅತ್ತೆ ಕಡ್ಡಿ ಎಸೆದು ಪೂರ್ತಿ ನನ್ನ ಕಡೆಗೆ ತಿರುಗಿದರು. ಅವರ ಕಣ್ಣಲ್ಲಿ ಆಗ ನೀರು ಬಂದಿತ್ತು, ದನಿಯಲ್ಲಿ ಮಾತ್ರ ಗದರಿಕೆ.

“ಹುಚ್ಚಿ. ಬಟ್ಟೆ ಬುಟ್ಟಿ ಹೊತ್ರೆ ಎಲ್ಲಾದ್ರೂ ಮಗು ಹೋಗತ್ತಾ?”

“ಕುಂಬಳಕಾಯಿ ಕೊಯ್ದ್ರೆ ಹೋಗತ್ತಾ ಅತ್ತೆ?”

ಅವರು ಜಾಕೆಟ್ಟಿನ ಉದ್ದ ತೋಳಿನೊಳಗಿಂದ ಕೈ ಹೊರಗೆ ತೆಗೆದು ನನ್ನ ಕೈ ಹಿಡಿದುಕೊಂಡರು. ಚಾಕು ಇನ್ನೂ ನನ್ನ ಇನ್ನೊಂದು ಕೈಯಲ್ಲೇ ಇತ್ತು. ಎದುರಿಗೆ ಒಂದು ಮಗು ತನಗಿಂತ ದೊಡ್ಡ ಕಾಯಿಯನ್ನು ತಬ್ಬಿಕೊಂಡು ಫೋಟೋಗೆ ನಿಂತಿತ್ತು. ಅದರ ಅಮ್ಮ ನಗು ನಗು ಎಂದು ಹೇಳುತ್ತಲೇ ಇದ್ದಳು, ಮಗು ನಗುತ್ತಿರಲಿಲ್ಲ.

ಅಪ್ಪ ಮಗಳು ಮೈಯೆಲ್ಲ ಜೋಳದ ರವುದಿ ಮಾಡಿಕೊಂಡು ಬಂದರು. ಮೂರು ಸಲ ದಾರಿ ತಪ್ಪಿದರಂತೆ. ಅಷ್ಟರಲ್ಲಿ ಮಗಳ ಸಿಟ್ಟು ಇಳಿದಿತ್ತು. ಓಕೆ, ಅಪ್ಪ ಕ್ಯಾನ್ ಡೂ ದ ಫಸ್ಟ್ ಲೈನ್, ಇಫ್ ಅಜ್ಜಿ ಈಸ್ ಸ್ಯಾಡ್ ಎಂದಳು. ದಾರಿಯಲ್ಲಿ ಅಪ್ಪ ಏನೋ ಬುದ್ಧಿ ಹೇಳಿರಬೇಕು. ಗಂಡ ಚಾಕುವಿಗೆ ನನ್ನ ಕಡೆ ಕೈ ಚಾಚಿದ. ನಾನು ಅತ್ತೆಯ ಮುಖ ನೋಡಿದೆ.

ಅತ್ತೆ ಚಾಕುವನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು ಮೊಮ್ಮಗಳಿಗೆ ಕೊಟ್ಟರು. ನೀನೇ ಕೊಯ್ಯಿ ಪುಟ್ಟಿ ಎಂದರು. ಕಾಯಿ ಉರುಳದಂತೆ ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದರು. ಗಂಡ ಬಾಯಿ ಬಿಟ್ಟುಕೊಂಡು ನಿಂತ. ಮಗಳು ಪೆನ್ನಿನ ಗೆರೆಯ ಮೇಲೆ ಚಾಕು ಇಟ್ಟು ಒತ್ತಿದಳು. ಒಂಬತ್ತು ವರ್ಷದ ಕೈ, ಮೊದಲು ಹೋಗಲಿಲ್ಲ. ಎರಡನೆಯ ಸಲ ಮೇಲೆದ್ದು ನಿಂತು ಒತ್ತಿದಾಗ ಚಾಕು ಒಳಕ್ಕೆ ಇಳಿಯಿತು. ಅತ್ತೆ ಹಿಡಿತ ಬಿಡಲಿಲ್ಲ. ಗರಗರ ಎಂದು ಕೊಯ್ಯುತ್ತಾ ಮಗಳು ಮುಚ್ಚಳ ಎತ್ತಿದಳು, ಒಳಗಿನ ಹಸಿ ವಾಸನೆ ಮೂಗಿಗೆ ಬಡಿಯಿತು. ಅವಳು ಮೊಣಕೈವರೆಗೆ ಕೈ ಹಾಕಿ ಬೀಜ ತೆಗೆಯಲು ಶುರುಮಾಡಿದಳು.

ಅದನ್ನೇ ನೋಡುತ್ತಾ, ನನ್ನ ಕಡೆ ತಿರುಗದೆ, ಅತ್ತೆ ಮೆಲ್ಲಗೆ ಕೇಳಿದರು, ನಿಂದು ಇದ್ದಿದ್ರೆ ಈಗ ಎಷ್ಟು ವರ್ಷ?

“ಹದಿಮೂರು,” ಎಂದೆ. ಯೋಚಿಸಬೇಕಾಗಲಿಲ್ಲ.

“ನಂದಕ್ಕೆ ನಲವತ್ತೇಳು,” ಎಂದರು. ಅವರೂ ಯೋಚಿಸಲಿಲ್ಲ.

ಮೇಜಿನ ಆಚೆ ನಿಂತಿದ್ದ ನನ್ನ ಗಂಡ ತಲೆಯಿಂದ ಜೋಳದ ಸಿಪ್ಪೆ ತೆಗೆದುಕೊಳ್ಳುತ್ತಾ, ಏನಮ್ಮ ಅದು ನಲವತ್ತೇಳು, ನನಗೇ ಇನ್ನೂ ನಲವತ್ನಾಲ್ಕು ಎಂದು ನಕ್ಕ.

ಅತ್ತೆ ಕಾಯಿಯಿಂದ ಕೈ ತೆಗೆದು ಜಾಕೆಟ್ಟಿಗೆ ಒರೆಸಿಕೊಂಡರು. ಪಕ್ಕದ ಬೆಂಚಿನ ಮೇಲಿದ್ದ ನನ್ನ ಚೀಲವನ್ನು ಸರಿಸಿ ಅವನಿಗೆ ಜಾಗ ಮಾಡಿದರು.

“ಬಾ ಇಲ್ಲಿ, ಕೂತ್ಕೋ. ನಿಂಗೊಂದು ಹೇಳ್ಬೇಕು.”